ಐದು ನಿಮಿಷ ಮುಂಚೆ

ಕೊಟ್ಟಿಗೆಹಾರದ ಹತ್ತಿರ ಒಂದು ಎಸ್ಟೇಟಿನಲ್ಲಿ ನಮ್ಮ ಚಿಕ್ಕಪ್ಪನ ಮಗಳು ಧನ್ಯಶ್ರೀಗೆ ಆದದ್ದು ಇದು. ಆಫೀಸಿನಿಂದ ಅವಳ ಬಾಡಿಗೆ ಮನೆಗೆ ಕಾಲುದಾರಿ. ಮಧ್ಯೆ ಪಾಳುಬಾವಿ. ಮಬ್ಬುಗತ್ತಲಲ್ಲಿ ಒಬ್ಬಳೇ ಬರೋದು. ಮನೇಲಿ ಕಾಯೋರು ಯಾರೂ ಇಲ್ಲ.

ಆನೆ ಕಾಟ ಅಂತ, ಅವುಗಳ ಓಡಾಟ ತಿಳಿಯೋಕೆ ಬಾವಿ ಪಕ್ಕದ ಮರಕ್ಕೆ ಕ್ಯಾಮೆರಾ ಕಟ್ಟಿದ್ರು. ಏನು ಹಾದರೂ 'ಟಿಕ್'... ಫೋಟೊ, ಜೊತೆಗೆ ಸಮಯ. ಆ ಸಮಯಗಳನ್ನ ಕಂಪ್ಯೂಟರಿನಲ್ಲಿ ಪಾಂಡಾಸ್ ಅನ್ನೋ ಪೈಥಾನ್ ಲೆಕ್ಕದ ಸಾಧನಕ್ಕೆ ಹಾಕಿ, ಒಂದರಿಂದ ಇನ್ನೊಂದನ್ನ ಕಳೆದು, ನಡುವಿನ ಅವಧಿ ತೆಗೆಯೋದು ಅವಳ ಕೆಲಸ.

ಒಂದು ದಿನ ಗಮನಿಸಿದ್ಲು. ಪ್ರತಿ ಸಂಜೆ ಅವಳು ಹಾದ ಮೇಲೆ ಇನ್ನೊಂದು ಫೋಟೊ. ಅದರಲ್ಲಿ ಬರೀ ದಾರಿ... ಯಾರೂ ಇಲ್ಲ. ಅದರ ಸಮಯದಿಂದ ತನ್ನ ಸಮಯ ಕಳೆದು ನೋಡಿದ್ಲು. ಮೊದಲು ಒಂದು ಗಂಟೆ. ಆಮೇಲೆ ಅರ್ಧ ಗಂಟೆ. ಆಮೇಲೆ ಹತ್ತು ನಿಮಿಷ.

ನಿನ್ನೆಯದು ಮಾತ್ರ ವಿಚಿತ್ರ. ಮೈನಸ್ ಒಂದು ದಿನ, ಪ್ಲಸ್ ಇಪ್ಪತ್ತಮೂರು ಗಂಟೆ ಐವತ್ತೈದು ನಿಮಿಷ.

ಈ ಲೆಕ್ಕ ಕಲಿಸಿಕೊಟ್ಟಿದ್ದ ಚಿಕ್ಕಮಗಳೂರು ಆಫೀಸಿನ ದಯಾನಂದ ಅವರಿಗೆ ಫೋನ್ ಮಾಡಿದ್ಲು. "ಸರ್, ಇದು ತಪ್ಪು ಲೆಕ್ಕ ಅಲ್ವಾ?"

"ಅಲ್ಲ ಮಾರಾಯ್ತಿ. ಪಾಂಡಾಸ್ ಮೈನಸ್ ಅವಧಿ ತೋರ್ಸೋದೇ ಹಾಗೆ. ಒಂದು ದಿನ ಹಿಂದೆ ಹೋಗಿ, ಅಲ್ಲಿಂದ ಇಪ್ಪತ್ತಮೂರು ಗಂಟೆ ಐವತ್ತೈದು ನಿಮಿಷ ಮುಂದೆ ಬರೋದು. ಅಂದ್ರೆ ಐದು ನಿಮಿಷ ಮುಂಚೆ."

"ಯಾವುದಕ್ಕಿಂತ ಮುಂಚೆ?"

"ನೀನು ಕಳೆದದ್ದು ಯಾವುದನ್ನ? ಅದಕ್ಕಿಂತ."

ಕಳೆದದ್ದು ತನ್ನದೇ ಸಮಯ. ಹಿಂದೆ ಬರ್ತಿದ್ದದ್ದು ನಿನ್ನೆ... ಮುಂದೆ ಹೋಗಿತ್ತು.

ಅಷ್ಟರಲ್ಲಿ ಆಫೀಸಿನ ಬಾಗಿಲು ಹಾಕುವ ಹೊತ್ತು. ಹೊರಟಳು. ಮಂಜು ಇಳಿದಿತ್ತು. ಬಾವಿ ಇನ್ನೂ ಸ್ವಲ್ಪ ದೂರ ಇರುವಾಗಲೇ ಅಲ್ಲಿಂದ... 'ಟಿಕ್'. ಆಮೇಲೆ ತರಗೆಲೆ ಮೇಲೆ ಸರಕ್... ಸರಕ್... ಅವಳ ಮನೆ ಕಡೆಗೇ. ಅವಳು ನಿಂತರೆ ಅದೂ ನಿಲ್ಲುತ್ತೆ. ನಡೆದರೆ ನಡೆಯುತ್ತೆ.

"ಯಾರು?" ಅಂದ್ಲು ಪಿಸುದನಿಯಲ್ಲಿ.



ಮನೆಗೆ ಬಂದ್ಲು. ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಕಟಕ್... ತೆಗೆದ್ಲು. ಒಳಗಿನ ಕತ್ತಲಿಂದ ಮೆಲ್ಲಗೆ ಒಂದು ಹೆಂಗಸಿನ ದನಿ.

"ಬಂದ್ಯಾ?"

ಬೇರೆ ಯಾರಾದ್ರೂ ಓಡ್ತಿದ್ರು. ಅವಳು ಹೊಸ್ತಿಲ ಮೇಲೇ ತುಂಬಾ ಹೊತ್ತು ನಿಂತಳಂತೆ. ಆ ಮಾತು ಕೇಳಿ ಎಷ್ಟು ವರ್ಷ ಆಗಿತ್ತೋ...

"ಬಂದೆ," ಅಂದು ಒಳಗೆ ಹೋದ್ಲು.

ಬೆಳಿಗ್ಗೆ ಅವಳು ಫೋನ್ ಮಾಡಿದ್ದಕ್ಕೆ ನಮ್ಮಮ್ಮ ಹೋಗಿ ನೋಡಿದ್ರು. ಒಲೆ ಮೇಲೆ ಅನ್ನದ ಪಾತ್ರೆ, ಇನ್ನೂ ಬಿಸಿ. ಅಕ್ಕಿ ಡಬ್ಬ ಖಾಲಿ, ಒಳಗೆ ಜೇಡ ಬಲೆ ಕಟ್ಟಿತ್ತು. ಸುಳ್ಳಲ್ಲ ಮಾರಾಯ, ಆ ಪಾತ್ರೆ ಇಳಿಸುವಾಗ ನಮ್ಮಮ್ಮನ ಬೆರಳು ಸುಟ್ಟಿದೆ.