ಅಣ್ಣನ ಪೆಟ್ಟಿಗೆ

ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಬಾಣಾವರದ ಬಸ್ಸಿಗೆ ಕಾದು ಕೂತಿದ್ದ ಲಲಿತಮ್ಮನ ಪಕ್ಕದಲ್ಲೇ ಬೇಲೂರಿನ ಅರ್ಚಕ ವಿಜಯಸಾರಥಿಯೂ ಅವನನ್ನು ಎದುರುಗೊಳ್ಳಲು ಬಂದಿದ್ದ ಹೆಂಡತಿಯೂ ಕೂತಿದ್ದರು. ವಿಜಯಸಾರಥಿಯ ಜೊತೆ ಅಮೆರಿಕಕ್ಕೆ ಹೋಗಿಬಂದ ಅವನ ಅಣ್ಣ ಕಾಫಿ ತರಲು ಎದ್ದದ್ದೇ ತಡ, ಪಿಸುಮಾತು ಶುರುವಾಯಿತು. ಲಲಿತಮ್ಮ ಬೇರೆ ಕಡೆ ನೋಡುತ್ತ ಕೇಳಿಸಿಕೊಂಡಳು.

“ಅಮೆರಿಕಕ್ಕೆ ಮಣ್ಣು ಸಮೇತ ತುಳಸಿ ಗಿಡ ತಗೊಂಡು ಹೋಗಬಾರದು ಅಂತ ನಿಮಗೆ ಗೊತ್ತಿತ್ತಲ್ರೀ?”

“ಅಲ್ಲಿಯ ದೇವಸ್ಥಾನದವರು ಕೇಳಿದ್ರು ಕಣೇ.”

“ನಿಮ್ಮ ಪೆಟ್ಟಿಗೇಲೇ ಇಟ್ಕೋಬೇಕಿತ್ತು.”

“ನನ್ನ ಹತ್ರ ಸಿಕ್ಕಿದ್ರೆ ಏರ್‌ಪೋರ್ಟಲ್ಲಿ ತಪಾಸಣೆ ಇಲ್ದೆ ಬೇಗ ಬಿಡೋ ಟ್ರಸ್ಟೆಡ್ ಟ್ರಾವೆಲರ್ ಅನ್ನೋ ಸೌಲಭ್ಯನೇ ರದ್ದಾಗ್ತಿತ್ತು. ಆಮೇಲೆ ಪ್ರತಿ ಸಲ ಆ ಉದ್ದದ ಸಾಲಲ್ಲಿ ನಿಲ್ಲಬೇಕು.”

“ಅದಕ್ಕೆ ಭಾವನವರ ಪೆಟ್ಟಿಗೇಲಿ ಇಟ್ರಾ? ಅವರಿಗೆ ಹೇಳದೆ?”

“ವಯಸ್ಸಾದೋರ ಪೆಟ್ಟಿಗೆ ತೆಗೆಸಲ್ಲ ಅಂದ್ಕೊಂಡೆ. ನಾನು ಬೇಗ ಆಚೆ ಬಂದ್ಬಿಟ್ಟೆ. ಒಳಗೆ ಕಸ್ಟಮ್ಸ್‌ನವರು ಅಣ್ಣನ್ನ ನಿಲ್ಲಿಸಿಕೊಂಡು ಬೈತಿದ್ರು.”

“ಭಾವನವರು ಏನಂದ್ರು?”

“ನಾನೇ ಇಟ್ಟು ಮರೆತಿರಬೇಕು, ಕ್ಷಮಿಸಿ, ಅಂದನಂತೆ.”

“ನೀವು ಇನ್ನೂ ನಿಜ ಹೇಳಿಲ್ವಾ?”

ಅವನು ಕಾಫಿ ಅಂಗಡಿಯ ಕಡೆ ತಿರುಗಿದ. ಅಣ್ಣ ಎರಡು ಲೋಟ ಹಿಡಿದು, ಚೆಲ್ಲದ ಹಾಗೆ ನಿಧಾನವಾಗಿ ಬರುತ್ತಿದ್ದರು.

“ತಗೋ ಸಾರಥಿ. ನನ್ನ ಮರೆವಿನಿಂದ ನಿನಗೆ ತಲೆ ತಗ್ಗಿಸೋ ಹಾಗಾಯ್ತು.”

“ಬಿಡಣ್ಣ.”

“ಇನ್ಮೇಲೆ ನನ್ನ ಪೆಟ್ಟಿಗೆ ನೀನೇ ಜೋಡಿಸಿಕೊಡಪ್ಪ.”

ಬೇಲೂರಿನ ಬಸ್ಸು ಬಂತು. ವಿಜಯಸಾರಥಿ ಅಣ್ಣನ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಹೊರಟ. ಅವನು ಬಾಯಿಗೂ ಇಡದ ಕಾಫಿ ಬೆಂಚಿನ ಮೇಲೆ ಆರುತ್ತಿತ್ತು.