ಮನೋಳಿಯ ಟ್ರಾನ್ಸ್‌ಫಾರ್ಮರಿನ ಎಣ್ಣೆಯಲ್ಲಿದ್ದ ಗುಳ್ಳೆಗಳ ಕುರಿತು

ಶೈಲಜಾ ಕೋಂ ನಿಂಗರಾಜ, ವಯಸ್ಸು 36 ವರ್ಷ, ಉದ್ಯೋಗ: ಖಾಸಗಿ ಟ್ರಾನ್ಸ್‌ಫಾರ್ಮರ್ ರಿಪೇರಿ ವರ್ಕ್‌ಶಾಪಿನಲ್ಲಿ ಎಣ್ಣೆ ಪರೀಕ್ಷಕಿ, ಸಾ: ನೇಸರಗಿ, ತಾ: ಬೈಲಹೊಂಗಲ.

ನಾನು ತಮ್ಮನ್ನು ಕೊಲ್ಲಲು ನೋಡಿದೆನೆಂದು ನಮ್ಮ ಮೇಲ್ವಿಚಾರಕ ಶ್ರೀಶೈಲ ಕೊಟ್ಟಿರುವ ದೂರಿನ ಬಗ್ಗೆ ವಿಚಾರಿಸಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ, ನನ್ನ ಗಂಡ ನಿಂಗರಾಜ ಅದೇ ವರ್ಕ್‌ಶಾಪಿನಲ್ಲಿ ಫಿಟ್ಟರ್ ಇದ್ದರು. ಟ್ರಾನ್ಸ್‌ಫಾರ್ಮರಿಗೆ ಎಣ್ಣೆಯನ್ನು ಕೆಳಗಿನಿಂದ ನಿಧಾನವಾಗಿ ತುಂಬಿ, ಕನಿಷ್ಠ 12 ತಾಸು ಬಿಡಬೇಕು. ಗಾಳಿಗುಳ್ಳೆಗಳು ಮೇಲೆ ಬಂದು ಹೋಗಬೇಕು. ಎಣ್ಣೆ ತಡೆಯುವಷ್ಟು ವಿದ್ಯುತ್ ಒತ್ತಡವನ್ನು ಗಾಳಿ ತಡೆಯುವುದಿಲ್ಲ. ಗುಳ್ಳೆಯೊಳಗೆ ಮೊದಲು ಕಿಡಿ ಹುಟ್ಟುತ್ತದೆ, ಆ ಕಿಡಿಗೆ ಎಣ್ಣೆ ಒಡೆದು ಮತ್ತಷ್ಟು ಅನಿಲವಾಗುತ್ತದೆ, ಕೊನೆಗೆ ಟ್ಯಾಂಕ್ ಸಿಡಿಯುತ್ತದೆ. ಹನ್ನೊಂದು ವರ್ಷದಿಂದ ನನ್ನ ಕೆಲಸವೇ ಇದು.

ದಿನಾಂಕ 12-11-2024 ರಂದು ಬೆಳಿಗ್ಗೆ 10-20ಕ್ಕೆ ಮನೋಳಿಯ ಹೊಳೆದಂಡೆಯ ಪಂಪ್‌ಸೆಟ್ ಟ್ರಾನ್ಸ್‌ಫಾರ್ಮರಿಗೆ ಶ್ರೀಶೈಲ ಮೇಲಿನಿಂದ ಪೈಪು ಹಿಡಿಸಿ ಎಣ್ಣೆ ತುಂಬಿಸಿದರು. ಎಣ್ಣೆ ನೊರೆಯಾಗಿತ್ತು. ನಾಳೆ ಚಾಲೂ ಮಾಡೂಣ್ರಿ ಎಂದು ನಾನು ಹೇಳಿದೆ. ರೈತರು ಬಾಯಿಗೆ ಬಂದಂಗ ಬೈಯಾಕತ್ತಾರ, ನಿನ್ನ ಗುಳ್ಳಿ ಎಣಸಕೊಂತ ಕುಂದ್ರಾಕ ಆಗೂದಿಲ್ಲ ಅಂತ ಅವರು ಹೇಳಿದರು. 10-50ಕ್ಕೆ ಕರೆಂಟಿನ ಲೈನು ಕೊಡಿಸಿದರು. ಒಳಗೆ ಚಿಟಚಿಟ ಸದ್ದಾಯಿತು. 10-54ಕ್ಕೆ ಟ್ಯಾಂಕ್ ಸಿಡಿಯಿತು. ನನ್ನ ಗಂಡ ಮೂರು ಅಡಿ ದೂರದಲ್ಲಿ ನಿಂತಿದ್ದರು. ಅವರು ಎರಡು ದಿನ ಬದುಕಿದ್ದರು, ಆ ಎರಡೂ ದಿನ ನೀರು ಕೇಳುತ್ತಿದ್ದರು.

ಅವರ ಸಾವಿನ ಬಗ್ಗೆ ದಿನಾಂಕ 09-01-2025 ರಂದು ನಡೆದ ವಿಚಾರಣೆಯಲ್ಲಿ ಶ್ರೀಶೈಲ, ಗುಳ್ಳಿ ಗಿಳ್ಳಿ ನನಗೇನೂ ಗೊತ್ತಿಲ್ರಿ, ನಿಂಗರಾಜನೇ ನಟ್ ಸಡ್ಲ ಬಿಟ್ಟಿದ್ದ ಅಂತ ಹೇಳಿ ಸಹಿ ಮಾಡಿದರು. ತಪ್ಪು ಸತ್ತವನ ತಲೆಗೆ ಬಂತು. ಅಂದಿನಿಂದ ಅವರ ಮುಖ ಕಂಡರೆ ನನ್ನ ಮೈ ಉರಿಯುತ್ತದೆ. ಇದನ್ನು ಹೀಗೆಯೇ ಬರೆದುಕೊಳ್ಳಬೇಕು.

ದಿನಾಂಕ 02-03-2025 ರಂದು ಶ್ರೀಶೈಲ ರಾಮದುರ್ಗಕ್ಕೆ ಹೋಗಿದ್ದಾಗ, ಚಚಡಿಗೆ ಕಳಿಸುವ ಟ್ರಾನ್ಸ್‌ಫಾರ್ಮರಿಗೆ ನಾನು ಬೆಳಿಗ್ಗೆ 11ಕ್ಕೆ ನಿಯಮದಂತೆ ಎಣ್ಣೆ ತುಂಬಿದೆ. ಮರುದಿನ ಮಧ್ಯಾಹ್ನ 12-10ಕ್ಕೆ ಅದರ ಪರೀಕ್ಷೆ ಇತ್ತು. ಆಗಷ್ಟೇ ಬಂದ ಶ್ರೀಶೈಲ ಮೀಟರ್ ನೋಡಲು ಟ್ಯಾಂಕಿನ ಪಕ್ಕ ನಿಂತರು, ನಾನು ಸ್ವಿಚ್ ಹತ್ತಿರ ನಿಂತೆ. ಆಗ ನಾನು, ಈಗ ಅರ್ಧ ತಾಸಿನ ಹಿಂದ ಮ್ಯಾಲಿಂದ ಪೈಪು ಹಿಡಿದು ಎಣ್ಣಿ ತುಂಬೇನಿ, ಮನೋಳ್ಯಾಗ ನೀವು ತುಂಬಿಸಿದಂಗ, ಸ್ವಿಚ್ ಹಾಕತೇನ್ರಿ ಅಂತ ಹೇಳಿದೆ. ಅದು ಸುಳ್ಳು. ಬೇಕಂತಲೇ ಹೇಳಿದ ಸುಳ್ಳು.

ಬ್ಯಾಡವಾ, ಗುಳ್ಳಿ ಹೊರಗ ಹೋಗೂತನಕ ಹಾಕಬ್ಯಾಡ ಅನ್ನುತ್ತಾ ಶ್ರೀಶೈಲ ಗೇಟಿನತನಕ ಓಡಿದರು. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಟ್ಯಾಂಕಿನಿಂದ ಗೇಟಿನವರೆಗಿನ ದೂರವನ್ನು ನಾನು ಆಮೇಲೆ ಟೇಪು ಹಿಡಿದು ಅಳೆದೆ, 42 ಅಡಿ. ಅವರು ಗೇಟು ದಾಟಿದ ಮೇಲೆಯೇ ಸ್ವಿಚ್ ಹಾಕಿದೆ. ಒಂದು ತಾಸು ಏನೂ ಆಗಲಿಲ್ಲ, ಮೀಟರಿನ ಮುಳ್ಳು ನಿಂತಲ್ಲಿಂದ ಅಲುಗಲಿಲ್ಲ. ತಂತಿ ಸುತ್ತುವ ಸಾವಿತ್ರೆವ್ವ ಇದೆಲ್ಲವನ್ನೂ ನೋಡಿದ್ದಾಳೆ.

ಶ್ರೀಶೈಲ ಅಲ್ಲಿಂದ ನೇರ ಠಾಣೆಗೆ ಬಂದು, ಗುಳ್ಳೆ ಇರುವ ಎಣ್ಣೆಗೆ ಲೈನು ಕೊಟ್ಟರೆ ಗುಳ್ಳೆಯಲ್ಲಿ ಕಿಡಿ ಹತ್ತಿ ಟ್ಯಾಂಕ್ ಸಿಡಿಯುತ್ತದೆ, ಇದು ತಮಗೆ ಇಪ್ಪತ್ತು ವರ್ಷದಿಂದ ಗೊತ್ತಿದೆ ಎಂದು ತಮ್ಮ ಕೈಯಾರೆ ಬರೆದುಕೊಟ್ಟಿದ್ದಾರೆ. ನನಗೆ ಬೇಕಾಗಿದ್ದುದು ಅದೇ.

ಇಂದು ಬೆಳಿಗ್ಗೆ 7-30ಕ್ಕೆ ಶ್ರೀಶೈಲ ನಮ್ಮ ಮನೆಗೆ ಬಂದು, ದೂರು ವಾಪಸ್ ತೊಗೋತೇನಿ ತಂಗಿ, ಇಲ್ಲಿಗೇ ಬಿಡೂಣು ಅಂತ ಕೈ ಮುಗಿದರು. ನಾನು ಒಪ್ಪಿಲ್ಲ. ನನ್ನ ಮೇಲೆ ಯಾವ ಕೇಸು ಬೇಕಾದರೂ ಹಾಕಿರಿ, ಬಂದು ನಿಲ್ಲುತ್ತೇನೆ. ಅವರ ದೂರನ್ನು ಮಾತ್ರ ಅವರಿಗೆ ತಿರುಗಿ ಕೊಡಬಾರದು.

ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ನೇಸರಗಿ
ದಿನಾಂಕ: 04-03-2025
ಸಹಿ: ಶೈಲಜಾ ನಿಂಗರಾಜ