ಪ್ರಿಂಟರ್ ಬ್ಯಾಡಂದ್ರೆ ಹೆಂಗೆ

...ಅಲ್ಲ, ಯಾಕೆ ನಗ್ತಿ ನಾಗಿ? ಮೆಲ್ಲಗೆ, ಅಂಗಡಿಯೋರಿಗೆ ಕೇಳಿಸ್ತೈತಿ. ಕಂಪ್ಯೂಟರ್ ಡಬ್ಬದ ಬೆನ್ನು ಒತ್ತಿ ನೋಡಿದ್ದು ತಪ್ಪಾ? ಕುರಿ ತಗೊಳ್ಳೋವಾಗ ಬೆನ್ನು ಒತ್ತಿ ನೋಡಲ್ವಾ, ಒಳಗೆ ಮಾಂಸ ಐತೋ ಬರೀ ಉಣ್ಣೆನೋ ಅಂತ? ಹಂಗೇ ನೋಡ್ದೆ. ತಗಡು ಬಾಳ ತೆಳ್ಳಗೈತಿ. ಏನಂದ್ರು ಅದಕ್ಕೆ... ಹಾಂ, ಕ್ಯಾಬಿನೆಟ್ಟು. ಕ್ಯಾಬಿನೆಟ್ಟು ಅಂದ್ರೆ ಬೆಂಗ್ಳೂರಾಗೆ ಮಂತ್ರಿಗಳು ಕೂರೋದು ಅಂತ ತಿಳ್ಕಂಡಿದ್ದೆ ನಾನು. ನಗು, ನಗು. ಕುರಿ ಕಾಯೋಳು ನಿಮ್ಮವ್ವ, ಇಷ್ಟಾದ್ರೂ ಗೊತ್ತಲ್ಲ.

ಕೂತ್ಕ ಇಲ್ಲಿ. ಅಂಗಡಿ ವೀರಬಸಪ್ಪೋರು ಮೇಲೆ ಗೋಡೌನಿಗೆ ಹೋಗ್ಯಾರೆ, ಬರಾಕೆ ಹೊತ್ತಾಗ್ತೈತಿ. ಅಷ್ಟ್ರಾಗೆ ನಾವಿಬ್ರೂ ಒಂದು ಮಾತಿಗೆ ಬರೋಣ. ನನ್ನ ಸೆರಗಿನಾಗೆ ಇರೋದು ಟಗರು ಮಾರಿದ ದುಡ್ಡು, ಅದರ ಮೇಲೆ ಒಂದು ರೂಪಾಯಿ ಹುಟ್ಟಲ್ಲ. ಅವರು ಸರಿಯಾಗೇ ಹೇಳಿದ್ರಲ್ಲ... ಪ್ರೊಸೆಸರು, ಮದರ್ ಬೋರ್ಡು, ರ‍್ಯಾಮು, ಪರದೆ, ಇಷ್ಟು ಬೇಕೇ ಬೇಕು. ಉಳಿದಿದ್ರಾಗೆ ಒಂದೇ. ಒಂದೋ ನಿನ್ನ ಗ್ರಾಫಿಕ್ಸ್ ಕಾರ್ಡು, ಇಲ್ಲಾ ಪ್ರಿಂಟರು. ಎರಡೂ ಬರಲ್ಲ.

ನಾನು ಪ್ರಿಂಟರ್ ಅಂತೀನಿ.

ಬ್ಯಾಡಂದ್ರೆ ಹೆಂಗೆ? ...ಗೊತ್ತು, ಗೊತ್ತು. ಸಿವಿಲ್ ಡಿಪ್ಲೊಮಾ ಓದಿದೋಳು ನೀನು, ಮನೆ ಪ್ಲಾನ್ ಬರೀಬೇಕು. ಆ ಕಾರ್ಡ್ ಇಲ್ದಿದ್ರೆ ಮನೇನ ಪರದೆ ಮೇಲೆ ಎಬ್ಬಿಸಿ ತಿರುಗಿಸಿ ತೋರ್ಸಾಕೆ ಆಗಲ್ಲ, ಮಷಿನ್ ನಿಂತೇ ಬಿಡ್ತೈತಿ. ನೂರು ಸಲ ಹೇಳೀದಿ. ಸ್ವಂತ ಮಷಿನ್ ಇದ್ರೆ ಮನೆಗೇ ಕೆಲ್ಸ ಕಳಿಸ್ತೀನಿ ಅಂತ ಆ ಎಂಜಿನಿಯರ್ ಮೇಘನಾ ಮೇಡಂ ಅಂದಿದ್ದೂ ಗೊತ್ತು. ಅವತ್ತು ನೀನು ಬಸ್ ಇಳಿದೋಳು ಚಪ್ಪಲಿ ಕೈಯಾಗೆ ಹಿಡ್ಕಂಡು ಮನೆ ತನಕ ಓಡಿ ಬಂದಿದ್ದಿ. ಅವ್ವ, ಇನ್ನು ನಾನು ಯಾರ ಮುಂದೂ ಕೈ ಚಾಚಲ್ಲ ಅಂದಿ. ನಂಗೆ ಸಂತೋಷ ಆಗ್ಲಿಲ್ವಾ? ಟಗರು ಮಾರ್ತೀನಿ ಅಂತ ಆವಾಗ್ಲೇ ನಾನೇ ಅಂದಿದ್ದು.

ಏನಂದಿ? ಪರದೆ ಹಳೇದು ತಗೋತೀಯಾ? ಕೀಬೋರ್ಡು ಮೇಡಂ ಆಫೀಸಿನ ಹಳೇದು ಸಾಕಾ? ಉಳಿಸಿದ್ರಾಗೆ ಕಾರ್ಡ್ ಹಾಕ್ಸಿ, ಪ್ರಿಂಟರ್ ಮುಂದಿನ ವರ್ಷ ನೋಡೋಣ ಅಂತೀಯಾ... ಬ್ಯಾಡ ಬ್ಯಾಡ. ಹಳೇದು ಬ್ಯಾಡ. ನೋಡಿದೋರು ಏನಂತಾರೆ, ಹಳೇ ಸಾಮಾನು ಕೊಟ್ಟು ಕಳ್ಸಿದ್ರು ಅಂತ ಆಡ್ಕಳ್ಳಲ್ವಾ?

ಅಂದ್ರೆ... ಮನೆಗೆ ಬಂದೋರು ಆಡ್ಕಂತಾರೆ ಅಂದೆ. ನೆಂಟ್ರು ಇಷ್ಟ್ರು.

ಕೇಳಿಲ್ಲಿ. ಪ್ರಿಂಟರ್ ಅಂದ್ರೆ ದಿನಾ ದುಡಿಯೋದು. ಪಹಣಿ, ಆಧಾರ್ ಜೆರಾಕ್ಸು, ಬೆಳೆ ವಿಮೆ ಅರ್ಜಿ... ಜನ ಸಾಲು ನಿಲ್ತಾರೆ. ಬಣ್ಣದ್ದು ಬ್ಯಾಡ, ಕಪ್ಪು-ಬಿಳಿ ಸಾಕು. ಆದ್ರೆ ಸ್ಕ್ಯಾನೂ ಆಗ್ಬೇಕು, ಜೆರಾಕ್ಸೂ ಆಗ್ಬೇಕು. ...ಹೌದು, ನಮ್ಮ ತೊಗರ್ಸಿಯಾಗೆ ಆಗ್ಲೇ ಜೆರಾಕ್ಸ್ ಅಂಗಡಿ ಅದಾವೆ. ಇರ್ಲಿ, ಅದಕ್ಕೇನೀಗ? ನಂಗೆ ಇದೆಲ್ಲಾ ಯಾರು ಹೇಳಿಕೊಟ್ರು ಅಂತಿಯಾ? ಯಾರೂ ಇಲ್ಲ ಕಣೇ. ಕೇಳಿ ತಿಳ್ಕಂಡೆ. ನಂಗೇನು ಕಿವಿ ಇಲ್ವಾ?

ಹಟ ಮಾಡಬ್ಯಾಡ. ನೀನು ಒಂದು ಮನೆ ಬರೆದು ಮುಗ್ಸಿ, ಅವರು ಒಪ್ಪಿ, ದುಡ್ಡು ಕೈಗೆ ಬರೋದು ಯಾವತ್ತೋ. ತಾಲ್ಲೂಕು ಆಫೀಸಿನ ಎದುರಿಗೆ ಅಂಗಡಿ ಇಟ್ಕಂಡು, ಬಂದ ಜನಕ್ಕೆ ಪ್ರಿಂಟ್ ಇಲ್ಲ ಅಂದ್ರೆ ಇನ್ನೇನು ಕೊಡ್ತಾನೆ, ಮಣ್ಣು ಕೊಡ್ತಾನಾ?

...ಯಾರಾ?

ಯಾರು ಅಂದ್ರೆ? ಕೊಡ್ತಾನೆ ಅಂದ್ನಾ ನಾನು? ಕೊಡ್ತಿ ಅಂದೆ. ನೀನು ಕೊಡ್ತಿ ಅಂತ. ಬಾಯಿ ತಪ್ಪಿರ್ಬೇಕು ಬಿಡು. ಬಿಸ್ಲಾಗೆ ಬಂದು ತಲೆ ಸುತ್ತೈತಿ ನಂಗೆ. ...ನೀರು ಬೇಕಾ ನಿಂಗೆ? ಬಾಟ್ಲಿ ಚೀಲದಾಗೈತಿ. ಕೈ ಯಾಕೆ ಎಳ್ಕಂಡಿ? ಹಂಗೆ ನೋಡಬ್ಯಾಡ ನಾಗಿ. ಏನಾದ್ರೂ ಅನ್ನು.

ಆತು. ಹೇಳ್ತೀನಿ. ಯತೀಶ ಏನು ಕೆಟ್ಟೋನಾ? ನಿನ್ನ ಸೋದರಮಾವನ ಮಗ, ನಾನೇ ಎತ್ತಿ ಆಡ್ಸಿದ ಕೂಸು. ಕುಡಿಯಲ್ಲ, ಇಸ್ಪೀಟಿಲ್ಲ. ಸೊರಬದಾಗೆ ಮಳಿಗೆ ಹಿಡಿದಾನೆ. ಮಷಿನ್ ಇಬ್ರಿಗೂ ಆಗ್ತೈತಲ್ಲ, ಹಗಲು ಅಂಗಡಿ ಕೆಲ್ಸ, ಬಾಗ್ಲು ಹಾಕಿದ ಮೇಲೆ ನೀನು ಕೂತು ಬರಿ, ಯಾರು ಬ್ಯಾಡ ಅಂತಾರೆ? ಕಾರ್ಡು ಆಮೇಲೆ ಹಾಕಿಸ್ತಾನೆ... ಹಾಕಿಸ್ತಾನೆ, ನಾನು ಹೇಳ್ತೀನಿ ಅವನಿಗೆ.

ಮಾತಾಡೇ.

ನಾನೇನು ಮಾಡ್ಲಿ? ನಮ್ಮಣ್ಣ ಜಟ್ಟಪ್ಪ ಮಗನಿಗೆ ನಿನ್ನ ಕೊಡು ಅಂತ ಬಾಯಿ ಬಿಟ್ಟು ಕೇಳಿದ. ಮಳೆಗಾಲದಾಗೆ ನಮ್ಮ ಕುರಿ ನಿಲ್ಲಾಕೆ ಜಾಗ ಕೊಡೋನು ಅವನೊಬ್ಬ. ನಿಮ್ಮಪ್ಪ ಅವನ ಎದುರಿಗೆ ಕತ್ತೆತ್ತಿ ಮಾತಾಡಲ್ಲ. ಬ್ಯಾಡ ಅಂದ್ರೆ ಮಂದೆ ಎಲ್ಲಿಗೆ ಹೊಡಕಂಡು ಹೋಗೋದು? ನಂಗೆ ತವರು ಅಂತ ಎಲ್ಲಿ ಉಳೀತೈತಿ? ಈ ಕಡೆ ತಿರುಗಿದ್ರೆ ನೀನು, ಆ ಕಡೆ ತಿರುಗಿದ್ರೆ ಅವನು.

ನನ್ನ ಯಾವಾಗ ಕೇಳಿದ್ರಿ ಅಂತ ಅಂದ್ಕಂತಿದ್ದಿ, ಅಲ್ವಾ? ಕೇಳಿದ್ವಲ್ಲೇ. ಹೋದ ಸೋಮವಾರ ಅಣ್ಣ ಬಂದು ಜಗಲಿ ಮೇಲೆ ಕೂತು, ಸೊರಬದ ಕಡೆ ಬಂದು ಇರ್ತಿಯೇನೇ ಕೂಸೇ ಅಂದ. ನೀನು ಚಾ ಕೊಟ್ಟು, ತಲೆ ಬಗ್ಸಿ ಒಳಗೆ ಹೋದಿ. ಹುಡುಗಿ ಸುಮ್ನಿದ್ಲು ಅಂದ್ರೆ ನಮ್ಮಲ್ಲಿ ಒಪ್ಪಿಗೆನೇ ಅಲ್ವಾ? ನನ್ನ ಮದ್ವೆಗೆ ಕೇಳಿದಾಗ್ಲೂ ಅಷ್ಟೇ, ನಾನು ಸುಮ್ನಿದ್ದೆ, ಎಲೆ-ಅಡಿಕೆ ಹಿಡಿದ್ರು. ನೀನು ಒಳಗೆ ಹೋದ ಮೇಲೆ ಅಣ್ಣ ನನ್ನ ಮುಖ ನೋಡಿದ. ನಾನೇ ಅಂದೆ... ನಾಗಿ ಒಪ್ಯಾಳೆ, ದಿನ ನೋಡು ಅಂತ.

ಒಳಗೆ ಬಂದು ನೋಡಿದ್ರೆ ನೀನು ಫೋನ್ ಹಿಡ್ಕಂಡು ಯಾವ ಕಾರ್ಡಿಗೆ ಎಷ್ಟು ರೇಟು ಅಂತ ನೋಡ್ತಾ ಕೂತಿದ್ದಿ. ಮಾವ ಕೇಳಿದ್ದೇ ನಿನ್ನ ಕಿವಿಗೆ ಬಿದ್ದಿರ್ಲಿಲ್ಲ. ಅದು ಗೊತ್ತಿತ್ತು ನಂಗೆ. ಅಣ್ಣ ಇನ್ನೂ ಜಗಲಿ ಮೇಲೇ ಕೂತಿದ್ದ, ಆದ್ರೂ ಹೊರಗೆ ಹೋಗಿ ಹೇಳ್ಲಿಲ್ಲ ನಾನು.

ಈಗಾದ್ರೂ ಬಾಯಿ ಬಿಡು. ಬ್ಯಾಡ ಅನ್ನು, ಒಂದೇ ಒಂದ್ಸಲ ಅನ್ನು. ನಾನಾಗಿ ನಾನು ಅನ್ನಾಕೆ ಆಗಲ್ಲ ಕಣೇ ನಂಗೆ. ನೀನಂದ್ರೆ ಆ ಮಾತು ಹೊತ್ಕಂಡು ಹೋಗಿ ಅಣ್ಣನ ಮುಂದೆ ಇಡ್ತೀನಿ, ಆಗಿದ್ದಾಗ್ಲಿ. ...ವೀರಬಸಪ್ಪೋರು ಇಳಿದು ಬರ್ತಾ ಇದಾರೆ ನೋಡು. ನಾಗಿ. ನನ್ನ ಕಡೆ ತಿರುಗು. ಅನ್ನೇ.

...

ಹಾಂ ರೀ? ...ಹೂಂ ರೀ, ಮಾತಾಡ್ಕಂಡ್ವಿ. ಇಲ್ಲ ರೀ, ಅವಳೇನೂ ಅಂದಿಲ್ಲ.

ಪ್ರಿಂಟರೇ ಹಾಕಿ ರೀ.